ನಮ್ಮ ಸೀಮಿ ತೋರಸ್ತೀರಿ ಖರೆ, ಅದರಾಗ ಕೇರಿ ಎಲ್ಲಿ?



ಈ ಸಲ ಸ್ವಲ್ಪ ಉದ್ದ ಬರೀತೀನಿ. ಪುರಸೊತ್ತು ಮಾಡ್ಕೊಂಡು ಓದ್ರಿ. ಎರಡು ವಾರದಿಂದ ತಲಿಯೊಳಗ ಕೊರೀತಿರೋ ಮಾತು ಇದು.

ಬೆಂಗಳೂರಲ್ಲಿ ಕೆಲಸಕ್ಕಿರುವ ನಮ್ಮ ದೇವಿಕೊಪ್ಪದ ಹುಡುಗನೊಬ್ಬ ವಾಟ್ಸಾಪಿಗೆ ಒಂದು ವಿಡಿಯೋ ಕಳಿಸಿದ. ಚೀನಾದ ಹೆನಾನ್ ಪ್ರಾಂತ್ಯದ್ದು. ವಾಂಗ್ ಚಾವೋಗೆ ಅನ್ನೋ ನಿರ್ದೇಶಕಿ ಮಾಡಿಸಿದ್ದು, 2021ರಲ್ಲಿ ಶುರುವಾಗಿದ್ದು. ಒಂದು ಊರಿನಷ್ಟು ದೊಡ್ಡ ಜಾಗ, ಮುಂದೆ ಗೋಧಿ ಹೊಲ, ಒಳಗೆ 21 ರಂಗಮಂದಿರ. ಜನ ಒಂದರಿಂದ ಒಂದಕ್ಕೆ ನಡೆದುಕೊಂಡು ಹೋಗಿ ಆ ಸೀಮೆಯ ಮಣ್ಣು, ಬೆಳೆ, ಇತಿಹಾಸ ಎಲ್ಲಾ ನಾಟಕವಾಗಿ ನೋಡ್ತಾರೆ. ಕೆಳಗ ಅವನು ಬರೆದಿದ್ದ: "ಕಾಕಾ, ನಮ್ಮ ಸೀಮ್ಯಾಗ ಇಂಥಾದ್ದು ಯಾಕ ಮಾಡಂಗಿಲ್ಲ?"

ಅದೇ ವಾರ ನಮ್ಮ ಭಾಗದ ಒಂದು ಉತ್ಸವ ಸಮಿತಿಯವರು ಕೇರಿಗೆ ಬಂದ್ರು. ಯಾವ ಊರು, ಯಾವ ಸಮಿತಿ ಅಂತ ಹೆಸರು ಬೇಡ. ಒಳ್ಳೇ ಮಾತಾಡೋ ಮಂದಿನೇ. "ನಮ್ಮ ನೆಲದ ಸಂಸ್ಕೃತಿ ತೋರಿಸೋ ಕಾರ್ಯಕ್ರಮ ಐತ್ರಿ. ಹೊಲದಾಗ ಸ್ಟೇಜು. ಸುಗ್ಗಿ, ಕಣ, ಬೀಸುವ ಪದ, ಕಲಘಟಗಿ ತೊಟ್ಟಿಲು, ಎಲ್ಲಾ ಬರ್ತಾವು. ನಿಮ್ಮ ಹುಡುಗ್ರು ಹಲಗಿಗೆ ಬೇಕು" ಅಂದ್ರು. ನಾನು ಕೇಳಿದೆ, "ಹಲಗಿ ಬಿಟ್ಟು ಮತ್ತೇನಾದ್ರೂ ಐತೇನ್ರಿ ನಮ್ಮದು, ಅದರಾಗ?" ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಕೆಟ್ಟ ಮನಸ್ಸಿನಿಂದಲ್ಲ. ಆ ಪ್ರಶ್ನೆ ಬರ್ತದ ಅಂತ ಅವರಿಗೆ ಅನಿಸಿರಲಿಲ್ಲ, ಅಷ್ಟ.

ಹುಡುಗ ಕೇಳಿದ್ದಕ್ಕೂ ಸಮಿತಿಯವರು ಕೇಳಿದ್ದಕ್ಕೂ ಒಂದೇ ಉತ್ತರ ಬರಿಯೋಣ ಅಂತ ಕೂತೀನಿ.

ತಮ್ಮಾ, ಇಂಥಾದ್ದು ನಮ್ಮ ಕನ್ನಡದಾಗ ಆಗೇತಿ. ಚೀನಾದವರಿಗಿಂತ ಹತ್ತು ವರ್ಷ ಮೊದಲೇ ಆಗೇತಿ, ಅವರಷ್ಟು ರೊಕ್ಕ ಇಲ್ಲದನ ಆಗೇತಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನ ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿಯ ನಾಟಕ ಮಾಡಿದ್ರು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. 2013ರಲ್ಲಿ ಅದು ಬೆಂಗಳೂರಿನ ಕಲಾಗ್ರಾಮಕ್ಕೆ ಬಂತು. ಒಂಬತ್ತು ತಾಸಿನ ನಾಟಕ. ನಾಲ್ಕು ರಂಗ, ಎಲ್ಲಾ ಬಯಲಾಗ. ಒಂದು ಕಡೆ ನೋಡಿ ಮುಗಿದ ಮ್ಯಾಲೆ ಎದ್ದು ಇನ್ನೊಂದು ಕಡೆಗೆ ನಡೀಬೇಕು. ರಾತ್ರಿ ಊಟದ ಹೊತ್ತಿಗೆ ಶುರುವಾದ್ರೆ ಮುಗಿಯೋದು ಬೆಳಕು ಹರಿಯೋವಾಗ.

ನಾವು ಐದು ಮಂದಿ ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಹೋಗಿದ್ವಿ. ಸಂಘಟನೆಯ ಇಬ್ಬರು ಗೆಳೆಯರು, ಒಬ್ಬ ಸಾಲಿ ಮಾಸ್ತರು, ನಾನು, ನನ್ನ ಹೆಂಡ್ತಿ. ಚಾದರ ಹೊದ್ದು ಕೂತ್ವಿ. ನನಗೆ ಮಲೆನಾಡು ಹೊಸದಲ್ಲ. ಕಲಘಟಗಿ ತಾಲೂಕಿನವರು ನಾವು, ಒಂದು ಕಾಲು ಬಯಲಾಗ, ಒಂದು ಕಾಲು ಕಾಡಾಗ. ಆದ್ರೂ ಆ ರಾತ್ರಿ ಮರದ ಕೆಳಗ, ಕಂದೀಲಿನ ಬೆಳಕಿನಾಗ, ಕಥೆ ನಮ್ಮ ಮುಂದನ ನಡ್ಕೊಂಡು ಬಂದಾಗ ಮೈ ಜುಮ್ ಅಂತು. ಕಥೆ ಹೇಳೋವ್ರು ಜೋಗಿಗಳು, ಹೆಳವರು, ಸುಡುಗಾಡು ಸಿದ್ಧರು. ಊರಿಂದೂರಿಗೆ ಅಲೆಯೋ ಮಂದಿ, ಯಾವ ಊರಿಗೂ ಸೇರದ ಮಂದಿ. ಅವರ ಬಾಯಿಂದ ಗೌಡರ, ಹೆಗ್ಗಡೆಯರ ಮನೆಗಳ ಕಥೆ ಹೊರಗ ಬೀಳ್ತದ.

ಆದ್ರ ನನ್ನನ್ನ ಹಿಡಿದು ಕೂರಿಸಿದ್ದು ನಾಯಿಗುತ್ತಿ.

ಕಾದಂಬರಿ ಓದದವರಿಗೆ ಹೇಳ್ತೀನಿ. ಗುತ್ತಿ ಸಿಂಬಾವಿ ಭರಮೈ ಹೆಗ್ಗಡೆಯ ಹೊಲೆಯಾಳು. ಹುಲಿಯ ಅನ್ನೋ ನಾಯಿ ಯಾವಾಗಲೂ ಜೊತೆಗಿರೋದ್ರಿಂದ ಅವನಿಗೆ ನಾಯಿಗುತ್ತಿ ಅಂತ ಹೆಸರು. 1967ರಲ್ಲಿ ಬಂದ ಆ ಕಾದಂಬರಿ ಶುರುವಾಗೋದೇ ಅವನಿಂದ. ಭೂಮಿ ಇದ್ದ ಮನೆತನದಾಗ ಹುಟ್ಟಿದ ಕುವೆಂಪು, ಸುಮಾರು ಏಳುನೂರು ಪುಟದ ಕಥೆಯ ಬಾಗಿಲು ತಗಿಯೋಕೆ ಗೌಡನನ್ನ ಕರೀಲಿಲ್ಲ, ಜೀತದಾಳನ್ನ ಕರೆದ್ರು. ಯಾಕಂದ್ರ ಆ ಮಲೆ, ಕಾಡು, ಗದ್ದೆ, ಹಳ್ಳ, ಒಳದಾರಿ ಎಲ್ಲಾ ಕಾಲಿನಿಂದ ಗೊತ್ತಿದ್ದವನು ಅವನೊಬ್ಬನೇ. ಗೌಡರು ಮನೆಯೊಳಗ ಕೂತು ಕಾಗದ ಬರೀತಾರೆ, ಗುತ್ತಿ ಅದನ್ನ ಹೊತ್ತು ನಡೀತಾನೆ. ಅವನ ನಡಿಗೆಯ ಬೆನ್ನು ಹತ್ತಿನೇ ಓದುಗನಿಗೆ ಮಲೆನಾಡು ಕಾಣ್ತದ.

ಗುತ್ತಿಗೆ ತಿಮ್ಮಿ ಮೇಲೆ ಮನಸ್ಸು. ತಿಮ್ಮಿ ಬೆಟ್ಟಳ್ಳಿ ಕಲ್ಲಯ್ಯಗೌಡನ ಆಳಿನ ಮಗಳು. ಇಬ್ಬರೂ ಒಂದೇ ಜಾತಿ, ಬಂಧುಗಳೂ ಹೌದು. ಹಂಗಿದ್ರ ಅಡ್ಡಿ ಏನು? ಅಡ್ಡಿ ಲೆಕ್ಕದ್ದು. ತಿಮ್ಮಿ ಸಿಂಬಾವಿಗೆ ಹೋದ್ರೆ ಬೆಟ್ಟಳ್ಳಿ ಗೌಡನಿಗೆ ದುಡಿಯೋ ಎರಡು ಕೈ ಕಡಿಮೆ ಆಗ್ತಾವು. ಅವಳ ಹೊಟ್ಟೆಯಲ್ಲಿ ಹುಟ್ಟೋ ಮಕ್ಕಳೂ ಇನ್ನೊಬ್ಬ ಧಣಿಯ ಪಾಲು. ಪ್ರೀತಿಯ ನಡುವೆ ಜಾತಿ ಬರೋದು ನಾವು ಬಹಳ ಕಥೆಯಲ್ಲಿ ನೋಡೀವಿ. ಇಲ್ಲಿ ಪ್ರೀತಿಯ ನಡುವೆ ಜೀತದ ಲೆಕ್ಕದ ಪುಸ್ತಕ ಬರ್ತದ. ಕೊನೆಗೆ ಅವರು ಓಡಬೇಕು. ಮಳೆಗಾಲದ ತುಂಗೆ ತುಂಬಿ ಹರೀತಿರ್ತದ. ಆ ಪ್ರವಾಹದಾಗ ಹುಲಿಯ ಕೊಚ್ಚಿಕೊಂಡು ಹೋಗ್ತದ.

ಬೆಳಗಿನ ಜಾವ ಆ ದೃಶ್ಯ ಬಂದಾಗ ಸುತ್ತಮುತ್ತ ಎಲ್ಲಾ ಮಂದಿ ಅಳ್ತಿದ್ರು. ನನ್ನ ಹೆಂಡ್ತಿ ಸೆರಗು ಬಾಯಿಗಿಟ್ಟುಕೊಂಡಿದ್ಲು. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಹೇಳೋದಿಲ್ಲ. ನಮ್ಮವನೊಬ್ಬನ ದುಃಖಕ್ಕೆ ಅಷ್ಟು ದೊಡ್ಡ ಬಯಲು ಅತ್ತಿದ್ದನ್ನ ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆಮೇಲೆ ಏನಾಯ್ತು, ಅದನ್ನ ಇಷ್ಟು ವರ್ಷ ನಾನು ಯಾರ ಮುಂದೂ ಹೇಳಿಲ್ಲ.

ಬೆಳಕಾಯ್ತು. ಚಾ ಕುಡಿಯೋಕೆ ಸಾಲಿನಾಗ ನಿಂತಿದ್ವಿ. ಮುಂದೆ ನಿಂತಿದ್ದ ಒಬ್ಬರು ತಮ್ಮ ಗೆಳೆಯನಿಗೆ ಹೇಳಿದ್ರು, "ಗುತ್ತಿ ಪಾರ್ಟು ಏನ್ ಮಾಡಿದ್ನಪ್ಪಾ! ಥೇಟ್ ನಮ್ಮೂರ ಹೊಲೆಯ ಇದ್ದಂಗೇ ಇದ್ದ." ಇಬ್ಬರೂ ಮೆಚ್ಚಿ ನಕ್ಕರು. ಹತ್ತು ನಿಮಿಷದ ಹಿಂದೆ ಅದೇ ಮನುಷ್ಯ ಕಣ್ಣು ಒರೆಸಿಕೊಳ್ಳೋದನ್ನ ನಾನೇ ನೋಡಿದ್ದೆ. ಗುತ್ತಿಗಾಗಿ ಅತ್ತವನ ಬಾಯಲ್ಲಿ 'ನಮ್ಮೂರ ಹೊಲೆಯ' ಅನ್ನೋ ಮಾತು ಅಷ್ಟು ಸಲೀಸಾಗಿ ಹೆಂಗ ಬಂತು? ನಾನು ಹಿಂದೇನೇ ನಿಂತಿದ್ದೆ. ಹೋರಾಟಗಾರ ಅಂತ ಅನಿಸಿಕೊಂಡಾವ. ಒಂದು ಮಾತು ಆಡಲಿಲ್ಲ. ನಿದ್ದಿಗೆಟ್ಟಿದ್ದೆ, ಗದ್ದಲ ಬ್ಯಾಡ ಅಂದುಕೊಂಡೆ, ನಾಟಕದ ಸುಖ ಕೆಡಿಸಿಕೊಳ್ಳೋದು ಬ್ಯಾಡ ಅಂದುಕೊಂಡೆ. ಚಾ ತಗೊಂಡು ಬದಿಗೆ ಬಂದೆ.

ಅವತ್ತು ಆಡಬೇಕಿದ್ದ ಮಾತನ್ನೇ ಇವತ್ತು ಬರೀತಿರೋದು ಅಂತ ತಿಳ್ಕೊಳ್ರಿ.

ಇದರಲ್ಲಿ ನಾಟಕದ ತಪ್ಪೇನಿಲ್ಲ. ಆ ನಾಟಕ ಮಾಡಬೇಕಾದ್ದನ್ನ ಮಾಡಿತು. ಮಲೆನಾಡಿನ ಚೆಲುವು ತೋರಿಸುವಾಗ ಜೀತ ಮುಚ್ಚಿಡಲಿಲ್ಲ. ನೋಡುವವರನ್ನ ಗುತ್ತಿಯ ದಾರಿಯಲ್ಲೇ ನಡೆಸಿತು. ಆದ್ರ ನಾಟಕ ಮುಗಿದ ಮ್ಯಾಲೆ ಆ ದಾರಿ ಅವರ ಊರಿನ ಕೇರಿಗೆ ಹೋಗಿ ಮುಟ್ಟಲಿಲ್ಲ. ಜೀತ ಪದ್ಧತಿ ರದ್ದು ಕಾಯ್ದೆ ಬಂದದ್ದು 1976ರಲ್ಲಿ, ಕಾದಂಬರಿ ಬಂದ ಒಂಬತ್ತು ವರ್ಷಕ್ಕೆ. ಆದ್ರೂ ಆ ಪ್ರೇಕ್ಷಕನಿಗೆ ಗುತ್ತಿ ಅಂದ್ರೆ ಹತ್ತೊಂಬತ್ತನೇ ಶತಮಾನದ ಕಥೆ, ಊರ ಹೊಲೆಯ ಅಂದ್ರೆ ಊರ ಹೊಲೆಯ. ಎರಡೂ ಒಂದೇ ಅಂತ ಅವನಿಗೆ ಹೊಳೀಲಿಲ್ಲ.

ಈಗ ನಮ್ಮ ಕಡೆಯ ಉತ್ಸವಗಳಿಗೆ ಬರ್ತೀನಿ. ಇವರು ಗುತ್ತಿಯನ್ನೂ ತೋರಿಸೋದಿಲ್ಲ. ಗುತ್ತಿಯ ಕೈಯಾಗಿನ ಹಲಗಿ ಮಾತ್ರ ತೋರಿಸ್ತಾರ.

ಹಲಗಿ ಅಂದ್ರೆ ನಮ್ಮ ಮನೆಯಲ್ಲಿ ಏನು ಅಂತ ಹೇಳಬೇಕು. ನಮ್ಮಪ್ಪ ಹಲಗಿ ಬಾರಿಸ್ತಿದ್ದ. ಅವನ ಊರು ಬೇರೆ, ಹೆಸರು ಬ್ಯಾಡ. ಜಾತ್ರಿಗೆ ಹಲಗಿ, ಸತ್ತವರ ಮುಂದೆ ಹಲಗಿ, ಡಂಗುರಕ್ಕೆ ಹಲಗಿ. ಜ್ವರ ಇದ್ರೂ ಹೋಗಬೇಕು, ಮನೆಯಾಗ ಹೆಂಡ್ತಿ ಹಡೀತಿದ್ರೂ ಹೋಗಬೇಕು. ಕೂಲಿ ಅಂತ ಇರಲಿಲ್ಲ. ಸುಗ್ಗಿಯಾಗ ಕಣಕ್ಕೆ ಹೋಗಿ ದೂರ ನಿಂತ್ರೆ ಆಯ ಅಂತ ಒಂದಿಷ್ಟು ಕಾಳು. ಒಂದು ದಿನ ಕೇರಿಯವರೆಲ್ಲ ಕೂಡಿ ಇನ್ನ ಬಾರಿಸೂದಿಲ್ಲ ಅಂತ ತೀರ್ಮಾನ ಮಾಡಿದ್ರು. ಆ ಹಂಗಾಮು ಪೂರ್ತಿ ಯಾರೂ ಅವರನ್ನ ಕೂಲಿಗೆ ಕರೀಲಿಲ್ಲ. ನಮ್ಮವ್ವ, ನಮ್ಮಪ್ಪ ದೇವಿಕೊಪ್ಪಕ್ಕೆ ಬಂದದ್ದು ಹಂಗ. ಅವ್ವ ಕಾಡಿನಿಂದ ಕಟಗಿ ಹೊರೆ ಹೊತ್ತು ಮಾರಿದ್ಲು. ನೀವು ಇವತ್ತು ಫೋಟೋ ತಗೊಂಡು ಹಸಿರು, ನಿಸರ್ಗ ಅಂತ ಹಾಕ್ತೀರಲ್ಲ, ಆ ಕಾಡು ನಮ್ಮವ್ವಗ ತಲಿ ಮ್ಯಾಲಿನ ಭಾರ.

ಅದಕ್ಕ ಹಲಗಿ ಸಪ್ಪಳ ಕೇಳಿದಾಗ ಕೆಲವರಿಗೆ ಕುಣೀಬೇಕು ಅನಿಸ್ತದ. ನನಗೂ ಅನಿಸ್ತದ. ಆದ್ರ ಅದರ ಕೂಡೇ ಕಣದ ಅಂಚಿನಾಗ ನಿಂತ ಅಪ್ಪನೂ ಕಾಣ್ತಾನೆ.

ಇದು ಹಲಗಿಯ ಕಥೆ ಅಷ್ಟೇ ಅಲ್ಲ. ಚೌಡಿಕೆ ಪದ ತಗೊಳ್ರಿ. ಸ್ಟೇಜಿನ ಮ್ಯಾಲೆ ಚೌಡಿಕೆ ಬಂದ್ರೆ ಜಾನಪದ ಅಂತ ಚಪ್ಪಾಳೆ. ಆ ಚೌಡಿಕೆಯನ್ನ ಕೈಗೆ ಕೊಟ್ಟು, ಮುತ್ತು ಕಟ್ಟಿ, ನಮ್ಮ ಎಷ್ಟು ಹೆಣ್ಣುಮಕ್ಕಳನ್ನ ದೇವರ ಹೆಸರಲ್ಲಿ ಬಿಟ್ಟರು ಅನ್ನೋ ಮಾತು ಸ್ಟೇಜಿಗೆ ಹತ್ತೋದಿಲ್ಲ. ಅದನ್ನ ನಿಲ್ಲಿಸೋಕೆ ಕರ್ನಾಟಕ 1982ರಲ್ಲಿ ಕಾಯ್ದೆನೇ ಮಾಡಬೇಕಾಯ್ತು.

ಸಿದ್ದಿಗಳನ್ನ ತಗೊಳ್ರಿ. ನಮ್ಮ ಕಲಘಟಗಿ ತಾಲೂಕಿನ ಕಾಡಂಚಿನಲ್ಲೂ ಅವರಿದ್ದಾರೆ. ಎಲ್ಲಿ ಸಾಂಸ್ಕೃತಿಕ ಮೆರವಣಿಗೆ ಇದ್ರೂ ದಮಾಮಿ ಕುಣಿತಕ್ಕೆ ಅವರಿಗೆ ಕರೆ ಬರ್ತದ. ಫೋಟೋದಲ್ಲಿ ಅವರೇ ಮುಂದೆ. ಆದ್ರ ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ. ಅದೇ ಕಾಡಿನ ಈಚೆ ಮಗ್ಗುಲಲ್ಲಿದ್ದ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ 2020ರ ತಿದ್ದುಪಡಿ ಬರೋತನಕ ಕಾಯಬೇಕಾಯ್ತು. ಅದೇ ಮಂದಿ, ಅದೇ ಬೀಗರು, ನಡುವೆ ಒಂದು ಜಿಲ್ಲೆಯ ಗಡಿ. ಕುಣಿಯೋಕೆ ಕರೆಯುವಾಗ ಆ ಗಡಿ ಯಾರಿಗೂ ನೆನಪಾಗಲಿಲ್ಲ.

ಹಂಗಂತ ಸಿದ್ದಿಗಳು ಕುಣಿಯೋಕೆ ಮಾತ್ರ ಇರೋರು ಅಂತಲ್ಲ. ಎಂಬತ್ತರ ದಶಕದಲ್ಲಿ ನೀನಾಸಂನವರು ಮಂಚಿಕೇರಿಯ ಸಿದ್ದಿಗಳ ಜೊತೆ ಕೂತು ಆಫ್ರಿಕಾದ ಚಿನುವ ಅಚಿಬೆಯ ಕಾದಂಬರಿಯನ್ನ ನಾಟಕ ಮಾಡಿದ್ರು. ಬಿಳಿಯರು ಬಂದು ಒಂದು ಕಪ್ಪು ಜನರ ಊರನ್ನ ಹೆಂಗ ಒಡೆದರು ಅನ್ನೋ ಕಥೆ ಅದು. ಅಲ್ಲಿ ಸಿದ್ದಿಗಳು ಕಥೆಯನ್ನೇ ಹೊತ್ತು ನಿಂತಿದ್ರು. ಕರೆಯೋದ್ರಾಗ ಎರಡು ನಮೂನಿ ಅದಾವು. ವೇಷಕ್ಕೆ ಕರೆಯೋದು ಒಂದು, ಮಾತಿಗೆ ಕರೆಯೋದು ಇನ್ನೊಂದು.

ನಮ್ಮ ಚಳವಳಿಗೂ ಇದು ಮೊದಲಿಂದ ಗೊತ್ತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನ ಕೊಂದು ಸುಟ್ಟಾಗ, 'ಸಮುದಾಯ'ದವರು 'ಬೆಲ್ಚಿ' ಬೀದಿನಾಟಕ ಕಟ್ಟಿಕೊಂಡು ಊರೂರು ತಿರುಗಿದ್ರು. ದೇವನೂರ ಮಹಾದೇವ ಅವರ 'ಒಡಲಾಳ'ವನ್ನ ಸಿಜಿಕೆ ರಂಗಕ್ಕೆ ತಂದಾಗ ಉಮಾಶ್ರೀ ಸಾಕವ್ವ ಆದ್ರು. ಸಾಕವ್ವ ನಿಂತದ್ದು ಯಾವ ಸಂಸ್ಕೃತಿ ದರ್ಶನದ ಸ್ಟಾಲಿನಲ್ಲೂ ಅಲ್ಲ. ಅವಳು ತನ್ನ ಹಟ್ಟಿಯಲ್ಲಿ, ತನ್ನ ಕಳೆದುಹೋದ ಹುಂಜ ಹುಡುಕುತ್ತಾ ನಿಂತಿದ್ಲು. ಅದು ನಮ್ಮ ಸೀಮೆ, ನಮ್ಮ ಭೂದೃಶ್ಯ. ನಮ್ಮವರೇ ಬರೆದದ್ದು.

ಹುಡುಗ ಕಳಿಸಿದ ಹೆನಾನ್ ವಿಡಿಯೋಕ್ಕೂ ಒಂದು ಮಾತು. ಆ 21 ರಂಗಮಂದಿರಗಳಲ್ಲಿ ಒಂದರಲ್ಲಿ 1942ರ ಬರಗಾಲದ ಕಥೆ ಇದೆ. ಅವತ್ತು ಹೆನಾನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಮುಂದೆ ಗೋಧಿ ಹೊಲ ಹಚ್ಚಿ ಹಸಿರು ತೋರಿಸಿದವರು, ಒಳಗೆ ಅನ್ನ ಇಲ್ಲದೇ ಸತ್ತವರನ್ನೂ ತೋರಿಸಿದ್ರು. ಅಲ್ಲಿಯ ಸರ್ಕಾರದ ಬಗ್ಗೆ ನನಗ ಯಾವ ಮೋಹಾನೂ ಇಲ್ಲ. ಅಲ್ಲಿ ಹೇಳೋಕೆ ಬಿಡದ ಹಸಿವು, ಹೇಳೋಕೆ ಬಿಡದ ಸಾವು ಬಹಳ ಅದಾವು. ಆದ್ರ ಇಷ್ಟು ಒಪ್ಪಬೇಕು: ಬೆಳೆ ತೋರಿಸಿದ್ರೆ ಹಸಿವೂ ತೋರಿಸಬೇಕು ಅನ್ನೋದು ಅವರಿಗೆ ಹೊಳೀತು. ನಮ್ಮ ಉತ್ಸವಗಳ ಸುಗ್ಗಿ ಕಣದಾಗ ರಾಶಿ ಇರ್ತದ, ರಾಶಿ ಪೂಜೆ ಇರ್ತದ, ಕಣದ ಅಂಚಿನಾಗ ನಿಂತವರು ಇರೂದಿಲ್ಲ.

ಅದಕ್ಕ ಸಮಿತಿಯವರಿಗೆ ನಾನು ಹೇಳಿ ಕಳಿಸಿದ್ದು ಇಷ್ಟು.

ಒಂದು, ನೀವು ಸ್ಟೇಜಿನ ಮ್ಯಾಲೆ ಊರು ಕಟ್ಟೋದಾದ್ರೆ ಕೇರಿಯನ್ನೂ ಕಟ್ರಿ. ಊರ ಬಾವಿ ಇದ್ದಲ್ಲಿ ಕೇರಿಯ ಬಾವಿ ಎಷ್ಟು ದೂರ ಇತ್ತು ಅಂತ ತೋರಸ್ರಿ. ಚಾದ ಅಂಗಡಿ ಇಟ್ರೆ, ಹೊರಗ ಮೊಳೆಗೆ ನೇತು ಹಾಕಿದ್ದ ಬೇರೆ ಕಪ್ಪನ್ನೂ ಇಡ್ರಿ.

ಎರಡು, ಬರೆಯೋ ಮೇಜಿನ ಹತ್ರ ನಮ್ಮವರಿಗೂ ಕುರ್ಚಿ ಬೇಕು. ನಾವು ಕೇಳ್ತಿರೋದು ಮೆರವಣಿಗೆಯ ಜಾಗ ಅಲ್ಲ, ಕಥೆ ಬರೆಯೋ ಜಾಗ. ಕೇರಿಯಾಗ ಈಗ ಎಂ.ಎ. ಓದಿದ ಹುಡುಗಿಯರಿದ್ದಾರೆ. ನಮ್ಮ ಮುದುಕಿಯರ ಬಾಯಿಯಲ್ಲಿ ಈ ಸೀಮೆಯ ಒಂದೊಂದು ಹೊಲ, ಹಳ್ಳ, ಕೆರೆಯ ಹೆಸರಿದೆ.

ಮೂರು, ಹಲಗಿಗೆ ಆಯ ಬೇಡ, ಸಂಭಾವನೆ ಬೇಕು. ಹಾಡೋವ್ರಿಗೆ, ತಬಲಾದವರಿಗೆ ಎಷ್ಟೋ ಅಷ್ಟೇ. ಪತ್ರಿಕೆಯಲ್ಲಿ 'ಹಲಗಿ ತಂಡ' ಅಂತ ಹಾಕಬೇಡ್ರಿ, ಬಾರಿಸೋ ಪ್ರತಿಯೊಬ್ಬನ ಹೆಸರು ಹಾಕ್ರಿ. ಊಟಕ್ಕೆ ಎಲ್ಲರ ಪಂಕ್ತಿಯಲ್ಲೇ ಕೂಡಿಸ್ರಿ. ಇದನ್ನ ಇನ್ನೂ ಬಾಯಿ ಬಿಟ್ಟು ಕೇಳಬೇಕಾಗಿರೋದು ನನಗ ನಾಚಿಕೆ ಅನಿಸ್ತದ. ಅವರಿಗೂ ಅನಿಸ್ಲಿ.

ಇನ್ನ ನಮ್ಮವರೊಳಗಿನ ಜಗಳ. ಅದನ್ನ ಮುಚ್ಚಿಟ್ಟು ಉಪಯೋಗ ಇಲ್ಲ.

ನಮ್ಮಣ್ಣನ ಮಗ ಹಲಗಿ ಬಾರಿಸ್ತೀನಿ ಅಂತಾನೆ. ಡಿಪ್ಲೊಮಾ ಮಾಡ್ಯಾನ, ಯೂಟ್ಯೂಬ್ ನೋಡಿ ತಮಿಳುನಾಡಿನ ಪರೈ ಕಲ್ತಾನ, ಕೈಯಾಗ ಸುಖ ಐತಿ. "ಕಾಕಾ, ಮುತ್ಯಾನ ಕಾಲದಾಗ ಅದು ಜೀತ. ನನ್ನ ಕೈಯಾಗ ಅದು ಕಲಾ. ನೀವು ಬ್ಯಾಡ ಅಂದ್ರೆ ನನ್ನ ಕೈ ಕಟ್ಟಿ ಹಾಕಿದಂಗಾಗ್ತದ" ಅಂತಾನೆ. ಅಣ್ಣ ಮಾತ್ರ ಒಪ್ಪೂದಿಲ್ಲ. "ನಮ್ಮಪ್ಪ ಊರು ಬಿಟ್ಟಿದ್ದು ಇದನ್ನ ಬಿಡಾಕ. ನೀ ಮತ್ತ ಹೆಗಲಿಗೆ ಹಾಕ್ಕೋತೀ ಏನ?" ಅಂತ ಕೇಳ್ತಾನೆ. ಅಣ್ಣನ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಮಗನ ಮಾತೂ ಸುಳ್ಳಲ್ಲ.

ನಾನು ಕೊನೆಗೆ ಮಗನ ಕಡೆ ನಿಂತೀನಿ. ಕಾರಣ ಹೇಳ್ತೀನಿ. ನಮ್ಮಪ್ಪ ಬಿಟ್ಟಿದ್ದು ಚರ್ಮ ಬಿಗಿದ ಚೌಕಟ್ಟನ್ನಲ್ಲ, ಕರೆದಾಗ ಹೋಗಲೇಬೇಕು ಅನ್ನೋ ಕಟ್ಟಳೆಯನ್ನ. ಒಲ್ಲೆ ಅನ್ನೋ ಹಕ್ಕು ಇದ್ದವನು ಬಾರಿಸಿದ್ರೆ ಅದು ಕಲೆ. ಆ ಹಕ್ಕು ಇಲ್ಲದವನು ಬಾರಿಸಿದ್ರೆ, ಎಷ್ಟು ಚಂದ ಬಾರಿಸಿದ್ರೂ ಅದು ಬಿಟ್ಟಿ ಚಾಕರಿ. ಹಂಗಾಗಿ ಮೊದಲು ಒಲ್ಲೆ ಅಂದು ತೋರಿಸೋಣ. ಮೂರು ಮಾತು ಒಪ್ಪಿದ್ರೆ ನಮ್ಮ ಹುಡುಗ ಬಾರಿಸ್ತಾನೆ, ನಾನೇ ಮುಂದಿನ ಸಾಲಿನಾಗ ಕೂತು ಕೇಳ್ತೀನಿ. ಒಪ್ಪದಿದ್ರೆ ಅವತ್ತು ರಾತ್ರಿ ನಮ್ಮ ಅಂಬೇಡ್ಕರ್ ಭವನದ ಮುಂದೆ ಬಾರಿಸ್ತಾನೆ, ನಾವೇ ಕೇಳ್ತೀವಿ. ಅಣ್ಣನನ್ನೂ ಕರೀತೀನಿ. ಬರ್ತಾನೋ ಇಲ್ಲೋ ನೋಡೋಣ.

ಸಮಿತಿಯವರು "ಚರ್ಚೆ ಮಾಡಿ ತಿಳಸ್ತೀವ್ರಿ" ಅಂದು ಹೋಗ್ಯಾರ. ಇನ್ನೂ ಏನೂ ಹೇಳಿಲ್ಲ.

ಅವರ ಉತ್ತರಕ್ಕೆ ಕಾಯ್ತಾ ಕೂಡೋದು ಬ್ಯಾಡ. ಬೆಂಗಳೂರಿನ ತಮ್ಮಾ, ನೀ ಕೇಳಿದ್ದಕ್ಕೆ ನಾವೇ ಕೈ ಹಚ್ಚೋಣ. 21 ರಂಗಮಂದಿರ ನಮ್ಮಿಂದ ಆಗೂದಿಲ್ಲ. ಒಂದು ಕೇರಿ, ಒಂದು ರಾತ್ರಿ, ನಾಲ್ಕು ಜಾಗ ಸಾಕು. ಬಾವಿಕಟ್ಟಿ, ಸಾಲಿಯ ಹೊರಗಿನ ಜಗಲಿ, ಕಣದ ಅಂಚು, ಕಾಡಿನ ದಾರಿ. ನೋಡೋವ್ರು ಒಂದರಿಂದ ಒಂದಕ್ಕೆ ನಡ್ಕೊಂಡು ಬರಲಿ. ಊರವರೂ ಬರಲಿ, ಎಲ್ಲರನ್ನೂ ಕರೆಯೋಣ. ನಮ್ಮವ್ವ ಕಟಗಿ ಹೊತ್ತು ನಡೆದ ದಾರಿಯಲ್ಲಿ ಅವರೂ ಒಂದು ಸಲ ನಡೀಲಿ. ಮುಗಿದ ಮೇಲೆ ಎಲ್ಲರೂ ಒಂದೇ ಸಾಲಿನಾಗ ನಿಂತು ಚಾ ಕುಡಿಯೋಣ. ಅಲ್ಲಿ ಯಾರಾದ್ರೂ 'ನಮ್ಮೂರ ಹೊಲೆಯ' ಅಂದ್ರೆ ಈ ಸಲ ನಾನು ಸುಮ್ಮನೆ ಬದಿಗೆ ಬರೂದಿಲ್ಲ.

ಮೊದಲ ಕೆಲಸ ಇಷ್ಟು: ನಿಮ್ಮ ನಿಮ್ಮ ಕೇರಿಯ ಹಿರಿಯರ ಹತ್ರ ಕೂತು, ಹೊಲ, ಬಾವಿ, ಹಳ್ಳ, ದಾರಿಗಳ ಹೆಸರು ಮತ್ತು ಅಲ್ಲಿ ನಡೆದದ್ದನ್ನ ಬರಕೊಳ್ರಿ. ಫೋನಿನಾಗ ಅವರ ದನಿ ಹಿಡಿದಿಟ್ಟುಕೊಳ್ರಿ. ಬರೆದದ್ದನ್ನ ಇಲ್ಲೇ ಕೆಳಗ ಹಾಕ್ರಿ. ಹಲಗಿ ಬಗ್ಗೆ ನನ್ನ ಮಾತು ತಪ್ಪು ಅನಿಸಿದವರು ಅದನ್ನೂ ಬರೀರಿ, ಓದಿ ಉತ್ತರ ಕೊಡ್ತೀನಿ.

ಜೈಭೀಮ್.